ಎಲ್ಲ ಕಡೆ ಹನ್ನೊಂದನೇ ಸ್ಥಾನ, ಅಂಕ ಸೊನ್ನೆ

ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್‌ನಲ್ಲಿ ಸೊನ್ನೆ ಬಂತು ಅಂದರೆ ಹಾಡು ಯಾರಿಗೂ ಹಿಡಿಸಲಿಲ್ಲ ಅಂತಲ್ಲ. ತೀರ್ಪುಗಾರರಾಗಲಿ ಪ್ರೇಕ್ಷಕರಾಗಲಿ, ಒಂದು ದೇಶದಿಂದ ಅಂಕ ಸಿಗುವುದು ಹತ್ತೇ ಹಾಡಿಗೆ: 12, 10, ಆಮೇಲೆ 8ರಿಂದ 1. ಎಲ್ಲ ಕಡೆ 11ನೇ ಸ್ಥಾನ ಬಂದರೂ ಫಲಕದಲ್ಲಿ ಸೊನ್ನೆಯೇ. 2021ರಲ್ಲಿ ಬ್ರಿಟನ್‌ಗೆ ಎರಡೂ ಕಡೆಯಿಂದ ಒಂದಂಕವೂ ಬರಲಿಲ್ಲ.

2016ರಿಂದ ಈ ಎರಡು ಲೆಕ್ಕ ಬೇರೆಬೇರೆ. 2023ರ ಲಿವರ್‌ಪೂಲ್ ಫೈನಲ್ ನೋಡಿ. ಪ್ರೇಕ್ಷಕರು ಫಿನ್‌ಲೆಂಡ್‌ನ ಕ್ಯಾರಿಯಾಗೆ 376 ಕೊಟ್ಟರು, ಸ್ವೀಡನ್‌ನ ಲೋರೀನ್‌ಗೆ 243. ತೀರ್ಪುಗಾರರದ್ದು ಉಲ್ಟಾ: ಲೋರೀನ್‌ಗೆ 340, ಕ್ಯಾರಿಯಾಗೆ 150. ಒಟ್ಟು 583ಕ್ಕೆ 526, ಗೆದ್ದದ್ದು ಸ್ವೀಡನ್. ಫಿನ್‌ಲೆಂಡ್ ಅಭಿಮಾನಿಗಳ ಸಿಟ್ಟು ನ್ಯಾಯವೇ, ಆದರೆ ನಿಯಮ ಇರುವುದೇ ಹಾಗೆ.

ಹೆಚ್ಚು ಜನ ಗಮನಿಸದ ಸಂಗತಿ ಇನ್ನೊಂದಿದೆ. ತೀರ್ಪುಗಾರರು ಅಂಕ ಹಾಕುವುದು ಹಿಂದಿನ ರಾತ್ರಿಯ ರಿಹರ್ಸಲ್ ನೋಡಿ. ಅವತ್ತು ಗಂಟಲು ಕೈಕೊಟ್ಟರೆ, ಮರುದಿನ ಟಿವಿಯಲ್ಲಿ ಎಷ್ಟೇ ಚೆನ್ನಾಗಿ ಹಾಡಿದರೂ ಆ ಅಂಕ ವಾಪಸ್ ಬರುವುದಿಲ್ಲ. ಗಿಟಾರ್, ಡ್ರಮ್ ಬಿಡಿ, ಅದೆಲ್ಲ ಬರೀ ನಟನೆ, ವಾದ್ಯದ ಸದ್ದು ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್‌ನಿಂದ ಬರುತ್ತೆ. ಮುಖ್ಯ ಗಾಯನ ಮಾತ್ರ ಲೈವ್. ಹಾಡಿಗೆ ಮೂರು ನಿಮಿಷ, ವೇದಿಕೆ ಮೇಲೆ ಹೆಚ್ಚೆಂದರೆ ಆರು ಜನ.