ಪರದೆಯ ಮೇಲೆ ಎಲ್ಲ ಚಿತ್ರಗಳೂ ಒಂದೇ ಅಳತೆ

ಕಲಾಸ್ವಾದ ಪಾಠ ಮಾಡುವುದು ನನ್ನ ಕೆಲಸ. ಚಿತ್ರ ಬರೆಯುವ ಕ್ಲಾಸ್ ಬೇರೆ, ನನ್ನದು ಚಿತ್ರ ನೋಡುವ ಕ್ಲಾಸ್. ಮೊದಲ ಕೆಲವು ವರ್ಷ ಪುಸ್ತಕದಲ್ಲಿದ್ದ ಕ್ರಮದಲ್ಲೇ ಹೋಗುತ್ತಿದ್ದೆ. ರೇಖೆ, ಆಕಾರ, ಬಣ್ಣ, ನೆರಳು-ಬೆಳಕು, ಮೈವಳಿಕೆ (ಮೇಲ್ಮೈಯ ನಯ-ಒರಟು), ಅವಕಾಶ (ಚಿತ್ರದೊಳಗಿನ ಜಾಗ, ದೂರ-ಹತ್ತಿರ) ಎಂಬ ಮೂಲಾಂಶಗಳು. ಆಮೇಲೆ ಸಮತೋಲನ, ಲಯ. ಆಮೇಲೆ ಕಲೆಯ ಉದ್ದೇಶಗಳು. ಕೊನೆಗೆ ಕಲಾಪಂಥಗಳು, ಇಸವಿ ಸಮೇತ. ಮಕ್ಕಳು ಚೆನ್ನಾಗಿ ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬರುತ್ತಿತ್ತು. ಪಾಠ ತಲುಪುತ್ತಿದೆ ಅಂದುಕೊಂಡಿದ್ದೆ.

ಒಂದು ದಿನ ಎರಡು ಸ್ಲೈಡ್ ಅಕ್ಕಪಕ್ಕ ಹಾಕಿದ್ದೆ. ಜಪಾನಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆ ಮತ್ತು ಸ್ಪೇನಿನ ಪಿಕಾಸೊನ ಗೆರ್ನಿಕಾ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಇವೆರಡರಲ್ಲಿ ಯಾವುದು ದೊಡ್ಡದು?" ನಾನು ಅದೇ ಪ್ರಶ್ನೆಯನ್ನು ಕ್ಲಾಸಿಗೆ ಕೇಳಿದೆ. ಜಾಸ್ತಿ ಜನ ಅಲೆ ಅಂದರು. ಅಷ್ಟು ದೊಡ್ಡ ಅಲೆ, ಚಿತ್ರವೂ ದೊಡ್ಡದೇ ಇರಬೇಕು ಅಲ್ವಾ ಅನ್ನುವುದು ಅವರ ಲೆಕ್ಕ. ತಪ್ಪು ಅವರದಲ್ಲ. ಅಷ್ಟು ವರ್ಷದಲ್ಲಿ ನಾನು ಒಂದು ಚಿತ್ರದ ಅಳತೆಯನ್ನೂ ಹೇಳಿರಲಿಲ್ಲ. ಪರದೆಯ ಮೇಲೆ ಎಲ್ಲವೂ ಒಂದೇ ಅಗಲ.

ಮರುದಿನ ಅಳತೆ ಟೇಪು, ಚಾಕ್‌ಪೀಸ್ ತಂದೆ. ಗೆರ್ನಿಕಾ ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲ. ಗೋಡೆಯ ಮೇಲೆ ಗೆರೆ ಎಳೆಯುತ್ತಾ ಹೋದೆವು, ಗೋಡೆ ಸಾಲಲಿಲ್ಲ. ಮೂಲೆ ತಿರುಗಿಸಿ ಪಕ್ಕದ ಗೋಡೆಗೂ ಎಳೆಯಬೇಕಾಯಿತು. ಅದರ ಪಕ್ಕದಲ್ಲಿ ಅಲೆಯ ಪ್ರತಿಯನ್ನು ನಿಜವಾದ ಅಳತೆಯಲ್ಲಿ ಅಂಟಿಸಿದೆ. ಸುಮಾರು 25 ಸೆಂಟಿಮೀಟರ್ ಎತ್ತರ, 37 ಸೆಂಟಿಮೀಟರ್ ಅಗಲ. ಎರಡು ಅಂಗೈ ಬಿಚ್ಚಿ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ.

ಆ ಗಂಟೆ ನಾನು ಜಾಸ್ತಿ ಮಾತಾಡಲೇ ಇಲ್ಲ. ಗೆರೆಯ ಎಡ ತುದಿಯಲ್ಲಿ ಸತ್ತ ಮಗುವನ್ನು ಹಿಡಿದ ತಾಯಿ, ನಡುವೆ ಚೀರುವ ಕುದುರೆ, ಬಲ ತುದಿಯಲ್ಲಿ ಎರಡೂ ಕೈ ಮೇಲೆತ್ತಿದ ಆಕೃತಿ. ಅವು ಎಲ್ಲೆಲ್ಲಿ ಬರುತ್ತವೆ ಅಂತ ಗುರುತು ಹಾಕಿದೆ. ಒಂದು ತುದಿಯಿಂದ ಇನ್ನೊಂದಕ್ಕೆ ಹತ್ತು ಹೆಜ್ಜೆ. ಚಿತ್ರ ನೋಡಲು ನಡೆಯಬೇಕಾಗುತ್ತದೆ ಅನ್ನುವುದು ಅವರಿಗೆ ಅವತ್ತೇ ಗೊತ್ತಾಗಿದ್ದು.

ಇಷ್ಟು ದೊಡ್ಡದು ಯಾಕೆ? ಉದ್ದೇಶದ ಪಾಠ ತಾನಾಗಿಯೇ ಶುರುವಾಯಿತು. 1937ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದ ಸ್ಪೇನ್ ಮಂಟಪಕ್ಕೆ ದೊಡ್ಡದೊಂದು ಚಿತ್ರ ಬೇಕೆಂದು ಅಲ್ಲಿನ ಗಣರಾಜ್ಯ ಸರ್ಕಾರ ಪಿಕಾಸೊನನ್ನು ಕೇಳಿತ್ತು. ಆ ವರ್ಷದ ಏಪ್ರಿಲ್ 26ರಂದು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ವಿಮಾನಗಳಿಂದ ಬಾಂಬ್ ಬಿತ್ತು. ಅದೇ ವಸ್ತುವಾಯಿತು. ಜನರ ಗುಂಪು ಎದುರು ನಿಂತು ನೋಡಬೇಕಾದ ಚಿತ್ರ ಅದು. ಬಣ್ಣದ ಬಗ್ಗೆ ಕೇಳಿದಾಗ ಒಬ್ಬ ಹುಡುಗ ಹೇಳಿದ, "ಇಷ್ಟು ಜನ ಸಾಯುತ್ತಿದ್ದಾರೆ, ಕೆಂಪು ಒಂದು ಹನಿಯೂ ಇಲ್ಲ." ಕಪ್ಪು, ಬಿಳಿ, ಬೂದು, ಅಷ್ಟೇ. ಕುದುರೆಯ ಮೈಮೇಲಂತೂ ಪತ್ರಿಕೆಯ ಅಚ್ಚಿನ ಸಾಲುಗಳ ಹಾಗೆ ಸಣ್ಣ ಸಣ್ಣ ಗೀರುಗಳು. ಬಣ್ಣ ಬಿಟ್ಟುಬಿಡುವುದೂ ಬಣ್ಣದ ಬಳಕೆಯೇ ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಅಲೆಯದು ಬೇರೆ ಕಥೆ. ಮರದ ಹಲಗೆಯಲ್ಲಿ ಕೆತ್ತಿ, 1831ರ ಸುಮಾರಿಗೆ ಸಾವಿರಾರು ಪ್ರತಿ ಅಚ್ಚು ಹಾಕಿ ಮಾರಿದ್ದು. ಸಾಮಾನ್ಯ ಜನ ಕೊಂಡು ಕೈಯಲ್ಲಿ ಹಿಡಿದು ನೋಡುವ ಚಿತ್ರ. ಹತ್ತಿರ ಬಗ್ಗಿ ನೋಡಿದವಳೊಬ್ಬಳು, "ಇದು ಅಲೆ ಅಲ್ಲ, ಬೆಟ್ಟ!" ಅಂತ ಕೂಗಿದಳು. ನಡುವೆ ದೂರದಲ್ಲಿ ಪುಟ್ಟದಾಗಿ ಫ್ಯೂಜಿ ಪರ್ವತ. ಅದಕ್ಕೂ ಅದೇ ನೀಲಿ, ಅದೇ ಬಿಳಿ, ಅದಕ್ಕೇ ಅಲೆಗಳಲ್ಲಿ ಒಂದಾಗಿ ಕಾಣುತ್ತದೆ. ದೋಣಿಗಳು ಮೂರು, ಒಳಗಿನವರು ತಲೆ ತಗ್ಗಿಸಿ ಕೂತಿದ್ದಾರೆ. ದೇಶದ ಅತಿ ಎತ್ತರದ ಬೆಟ್ಟ ಒಂದು ಅಲೆಯ ಕೆಳಗೆ ಹಿಡಿಸುವಷ್ಟಾಗಿದೆ. 'ಅವಕಾಶ' ಅನ್ನುವ ಪದಕ್ಕೆ ನಾನು ಕೊಡುತ್ತಿದ್ದ ವ್ಯಾಖ್ಯೆಗಿಂತ ಈ ಬೆಟ್ಟ ಎಷ್ಟೋ ಮೇಲು.

ಪಂಥಗಳನ್ನು ಈಗಲೂ ಕೊನೆಗೇ ಇಟ್ಟುಕೊಂಡಿದ್ದೇನೆ, ಆದರೆ ಕಡಿಮೆ. ಎಷ್ಟೋ ಪಂಥಗಳ ಹೆಸರು ಬೇರೆಯವರು ಹಚ್ಚಿದ್ದು. 1874ರಲ್ಲಿ ಪ್ಯಾರಿಸ್‌ನಲ್ಲಿ ಮೋನೆ ಎಂಬ ಚಿತ್ರಕಾರ ತನ್ನ ಸೂರ್ಯೋದಯದ ಚಿತ್ರಕ್ಕೆ 'ಇಂಪ್ರೆಷನ್' (ಅಂದರೆ ಅನಿಸಿಕೆ) ಅಂತ ಹೆಸರಿಟ್ಟು ಪ್ರದರ್ಶಿಸಿದ. ಲೂಯಿ ಲೆರುವಾ ಎಂಬ ವಿಮರ್ಶಕ ಆ ಪದವನ್ನೇ ಹಿಡಿದು ಗೇಲಿ ಮಾಡಿದ. ಇಂಪ್ರೆಷನಿಸಂ ಅನ್ನುವ ಹೆಸರು ನಿಂತಿದ್ದು ಹಾಗೆ. ಆ ಚಿತ್ರಕಾರರು ಬಯಲಲ್ಲಿ ಕೂತು ಬಣ್ಣ ಹಚ್ಚಲು ದೊಡ್ಡ ಅನುಕೂಲ ಆದದ್ದು 1841ರಲ್ಲಿ ಬಂದ ತವರದ ಬಣ್ಣದ ಟ್ಯೂಬ್. ಇಸವಿಗಳ ಪಟ್ಟಿಗಿಂತ ಆ ಟ್ಯೂಬ್ ನನ್ನ ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ.

ಈಗ ಪ್ರತಿ ಸ್ಲೈಡಿನ ಮೂಲೆಯಲ್ಲಿ ಚಿತ್ರದ ಅಳತೆ ಬರೆದಿರುತ್ತೇನೆ, ಪಕ್ಕದಲ್ಲಿ ಅದೇ ಪ್ರಮಾಣದಲ್ಲಿ ಒಬ್ಬ ಮನುಷ್ಯನ ನೆರಳು. ಮೊದಲ ಹತ್ತು ನಿಮಿಷ ಕಲಾವಿದನ ಹೆಸರಿಲ್ಲ, ಇಸವಿಯಿಲ್ಲ. ಯಾರಾದರೂ "ದುಃಖ ಕಾಣಿಸುತ್ತಿದೆ" ಅಂದರೆ ಸರಿ-ತಪ್ಪು ಹೇಳುವುದಿಲ್ಲ. "ಎಲ್ಲಿ? ಬೆರಳಿಟ್ಟು ತೋರಿಸು" ಅನ್ನುತ್ತೇನೆ. ಬೆರಳು ಹೋಗಿ ಬಾಗಿದ ಗೆರೆಯೊಂದರ ಮೇಲೆ ನಿಲ್ಲುತ್ತದೆ.

ಮೊನ್ನೆ ಡಚ್ ಚಿತ್ರಕಾರ ವರ್ಮೀರ್‌ನ ಹಾಲು ಸುರಿಯುವ ಹೆಂಗಸಿನ ಚಿತ್ರ ಹಾಕಿದ್ದೆ. ಅರ್ಧ ಮೀಟರೂ ಇಲ್ಲದ ಕ್ಯಾನ್ವಾಸ್. ಎಲ್ಲರೂ ಹಾಲಿನ ಧಾರೆ, ಕಿಟಕಿಯ ಬೆಳಕು ನೋಡುತ್ತಿದ್ದರು. ಒಬ್ಬಳು ಮಾತ್ರ ಎದ್ದು ಬಂದು ಹಿಂದಿನ ಬಿಳಿ ಗೋಡೆಯ ಮೇಲೆ ಬೆರಳಿಟ್ಟಳು. "ಇಲ್ಲೊಂದು ಮೊಳೆ ಇದೆ. ಕಿತ್ತ ಮೊಳೆಗಳ ತೂತೂ ಇದೆ. ಖಾಲಿ ಗೋಡೆಗೆ ಇದನ್ನೆಲ್ಲ ಯಾಕೆ ಬರೆದ?" ಉಳಿದ ಅರ್ಧ ಗಂಟೆ ನಾವು ಆ ಮೊಳೆಯ ಬಗ್ಗೆಯೇ ಮಾತಾಡಿದೆವು.