ಬೈಕ್ ಪಂಕ್ಚರ್ ಆದಾಗ

ಓಡುತ್ತಿರುವಾಗ ಬೈಕಿನ ಹಿಂಭಾಗ ತೂರಾಡಿದರೆ ಹಿಂದಿನ ಟೈರಿನ ಗಾಳಿ ಇಳಿದಿರಬಹುದು. ಹ್ಯಾಂಡಲ್ ಭಾರವಾದರೆ ಮುಂದಿನದು. ದಯವಿಟ್ಟು ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ. ಹ್ಯಾಂಡಲ್ ನೇರ ಹಿಡಿದು ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ. ವೇಗ ಇಳಿದ ಮೇಲೆ, ಗಾಳಿ ಇರುವ ಚಕ್ರದ ಬ್ರೇಕನ್ನಷ್ಟೇ ಮೆಲ್ಲಗೆ ಹಿಡಿದು ಎಡಕ್ಕೆ ಬನ್ನಿ.

ಟ್ಯೂಬ್ ಇರುವ ಟೈರಾದರೆ ಮುಂದೆ ಓಡಿಸಲೇಬೇಡಿ. ಟೈರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಬುಡದಲ್ಲೇ ಕಿತ್ತುಬರುತ್ತದೆ, ಆಮೇಲೆ ಪ್ಯಾಚ್ ಹಾಕಿ ಉಪಯೋಗವಿಲ್ಲ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಕಂಡ ಕೂಡಲೇ ಕೀಳಬೇಡಿ; ಸದ್ಯಕ್ಕೆ ಗಾಳಿ ತಡೆದಿರುವುದು ಅದೇ. ಪಂಕ್ಚರ್ ಕಿಟ್ ಕೈಯಲ್ಲಿದ್ದರೆ ಮಾತ್ರ, ಮೊಳೆ ಹೊಕ್ಕ ಓರೆ ನೋಡಿಕೊಂಡು ಕಿತ್ತು, ಅದೇ ಓರೆಯಲ್ಲಿ ರೀಮರ್ (ತೂತು ಉಜ್ಜುವ ಒರಟು ಕಡ್ಡಿ) ಆಡಿಸಿ. ಕಿಟ್ಟಿನ ಸೂಜಿಗೆ ಸ್ಟ್ರಿಪ್ (ತೂತು ಮುಚ್ಚುವ ರಬ್ಬರ್ ಎಳೆ) ಪೋಣಿಸಿ, ಸೊಲ್ಯೂಷನ್ (ರಬ್ಬರ್ ಅಂಟು) ಹಚ್ಚಿ ಒಳಗೆ ತಳ್ಳಿ, ಎರಡೂ ತುದಿ ಸುಮಾರು 1 ಸೆಂ.ಮೀ. ಹೊರಗಿರುವಾಗ ಸೂಜಿಯನ್ನು ಝಟ್ಟನೆ ಎಳೆಯಿರಿ. ಗಾಳಿ ತುಂಬಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತದೆಯೇ ನೋಡಿ. ವಾಲ್ವಿನ ಬಾಯಿಗೂ ಹಾಕಿ, ಎಷ್ಟೋ ಸಲ ಸೋರುವುದು ಅಲ್ಲೇ.

ಎಂಜಿನ್ನು, ಮೈಲೇಜು ಅಂತ ಗಂಟೆಗಟ್ಟಲೆ ಮಾತಾಡುವ ನಾವು, ನೆಲ ಮುಟ್ಟುವ ಅಂಗೈಯಗಲದ ರಬ್ಬರನ್ನು ನೆನೆಯುವುದೇ ಕಡಿಮೆ ಅನ್ನಿಸುತ್ತದೆ.

ತೂತು ಟೈರಿನ ಪಕ್ಕದ ಗೋಡೆಯಲ್ಲಿದ್ದರೆ ಸ್ಟ್ರಿಪ್ ನಂಬಬೇಡಿ. ಚಕ್ರ ಸುತ್ತಿದಂತೆಲ್ಲ ಬಾಗುವ ಜಾಗ ಅದು, ಸ್ಟ್ರಿಪ್ ನಿಲ್ಲುವುದಿಲ್ಲ. ಟೈರೇ ಬದಲಿಸಬೇಕು.