ಹನೋಯ್‌ನಿಂದ ಡಾ ನಾಂಗ್‌ಗೆ ರೈಲು: ತುಮಕೂರಿನಲ್ಲೇ ಕೂತು ಮಾಡಿಕೊಂಡ ತಯಾರಿ

ವಿಯೆಟ್ನಾಂಗೆ ಹೋಗಿಬಂದ ವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ಸಿಕ್ಕವರೆಲ್ಲ ಕೇಳಿದ್ದು ಒಂದೇ: "ವೀಸಾಕ್ಕೆ ಎಷ್ಟು ಸಲ ಬೆಂಗಳೂರಿಗೆ ಅಲೆದ್ರಿ?" ಒಂದು ಸಲವೂ ಇಲ್ಲ. ವೀಸಾ, ರೈಲು ಟಿಕೆಟ್ ಎರಡೂ ಮನೆಯಲ್ಲೇ ಆದವು. ಆದರೆ ಅಪ್ಪನ ವೀಸಾಕ್ಕೆ ಮಾತ್ರ ಎರಡೆರಡು ಸಲ ದುಡ್ಡು ಕಟ್ಟಿದೆ. ಆ ಕಥೆ ಆಮೇಲೆ.

ಇ-ವೀಸಾಕ್ಕೆ ಒಂದು ಸಲದ ಪ್ರವೇಶಕ್ಕಾದರೆ 25 ಡಾಲರ್, ನಡುವೆ ಹೊರಗೆ ಹೋಗಿ ಮತ್ತೆ ಒಳಗೆ ಬರುವುದಿದ್ದರೆ 50. 2023ರ ಆಗಸ್ಟ್‌ನಿಂದ 90 ದಿನದವರೆಗೂ ಕೊಡುತ್ತಿದ್ದಾರೆ. ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಎನ್ನುವಂಥ ಬಣ್ಣ, ಲಾಂಛನ ಹಾಕಿಕೊಂಡ ತಾಣಗಳು ಮೊದಲು ಬರುತ್ತವೆ. ನಾನೂ ಒಂದರಲ್ಲಿ ಅರ್ಧ ಫಾರಂ ತುಂಬಿದ್ದೆ, ಕೊನೆಗೆ ಕೇಳಿದ ಮೊತ್ತ ನೋಡಿ ಎಚ್ಚರವಾಯಿತು. ವಿಳಾಸದ ತುದಿಯಲ್ಲಿ 'ಗವ್ ಡಾಟ್ ವಿಎನ್' ಇದೆಯೇ ನೋಡಿಕೊಳ್ಳಿ. ಫೋಟೊಗೆ ಕನ್ನಡಕ ತೆಗೆಯಬೇಕು. ಸ್ಟುಡಿಯೊದವರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಇನ್ನೊಂದು ಸಲ ತಲೆ ಬಾಚಿಕೊಂಡು ಹೋಗಬೇಕಾಗುತ್ತದೆ.

ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಹೆಸರಿನದು. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತಾರ, ಬ್ಯಾಂಕಿನಲ್ಲಿ ಇನ್ನೊಂದು ಥರ. ನನ್ನ ಹೆಂಡತಿಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗವೇ ಖಾಲಿ. ಇಂಥ ಕಡೆ ಬುದ್ಧಿ ಓಡಿಸಬೇಡಿ. ಪಾಸ್‌ಪೋರ್ಟ್ ಫೋಟೊ ಪುಟದ ತಳದಲ್ಲಿ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತವಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೇ ಬರೆಯಿರಿ. ವಿಮಾನದ ಟಿಕೆಟ್‌ನಲ್ಲಿ ಸರ್‌ನೇಮ್ ಖಾಲಿ ಬಿಡಲು ಬಿಡುವುದಿಲ್ಲ. ಏನು ಹಾಕಬೇಕೆಂದು ಕಂಪನಿಯವರನ್ನೇ ಕೇಳಿ ಬುಕ್ ಮಾಡಿ.

ಇನ್ನು ಅಪ್ಪನ ಕಥೆ. ಅವರ ಹುಟ್ಟಿದ ದಿನ, ತಿಂಗಳು ಅದಲುಬದಲು ಟೈಪ್ ಮಾಡಿಬಿಟ್ಟೆ. ವೀಸಾವೂ ಹಾಗೇ ಬಂತು! ಕಟ್ಟಿದ ದುಡ್ಡು ವಾಪಸಿಲ್ಲ, ಹೊಸ ಅರ್ಜಿಯೇ ಗತಿ. ಮೂರು ಕೆಲಸದ ದಿನ ಅಂತಾರೆ, ನಡುವೆ ಶನಿವಾರ, ಭಾನುವಾರ ಬಂದರೆ ವಾರವೇ ಆಯಿತು. ಎರಡು ವಾರ ಕೈಯಲ್ಲಿಟ್ಟುಕೊಂಡು ಹಾಕಿ. ವೀಸಾದ ಮೇಲಿರುವ ತಾರೀಕಿಗಿಂತ ಒಂದು ದಿನ ಮುಂಚೆಯೂ ಒಳಗೆ ಬಿಡುವುದಿಲ್ಲ. ಹಾಗಾಗಿ ರೈಲು ಟಿಕೆಟ್ ಆಮೇಲೆಯೇ.

ರೈಲು ಟಿಕೆಟ್‌ಗೂ ಹೆಸರು, ಪಾಸ್‌ಪೋರ್ಟ್ ನಂಬರ್ ಬೇಕು. ಹನೋಯ್‌ನಿಂದ ಹೊರಡುವುದು ಎಸ್‌ಇ1, ಎಸ್‌ಇ3ರಂಥ ಬೆಸ ಸಂಖ್ಯೆಯವು; ವಾಪಸ್ ಬರುವುದು ಸಮ ಸಂಖ್ಯೆಯವು. ಪೂರ್ತಿ ಮಾರ್ಗ 1726 ಕಿ.ಮೀ. ಕೊನೆಯವರೆಗೂ ಹೋಗುವವರು ಹೋ ಚಿ ಮಿನ್ ಸಿಟಿ ಅಂತ ಹುಡುಕಿ ಸಿಗಲಿಲ್ಲ ಅನ್ನಬೇಡಿ, ನಿಲ್ದಾಣದ ಹೆಸರು ಇಂದಿಗೂ ಸೈಗಾನ್. ನಾವು ರಾತ್ರಿ ಹನೋಯ್ ಬಿಟ್ಟು ಬೆಳಿಗ್ಗೆ ದಾರಿಯಲ್ಲಿ ಸಿಗುವ ಹ್ಯುವೆ ನಗರದಲ್ಲಿ ಇಳಿದೆವು, 688 ಕಿ.ಮೀ. ಸಾಫ್ಟ್ ಸ್ಲೀಪರ್‌ನಲ್ಲಿ ಕೋಣೆಗೆ ನಾಲ್ಕು ಬರ್ತ್, ಹಾರ್ಡ್ ಸ್ಲೀಪರ್‌ನಲ್ಲಿ ಆರು. ಕೆಳಗಿನ ಬರ್ತ್‌ಗೆ ದುಡ್ಡು ಜಾಸ್ತಿ. ಮಂಡಿನೋವಿನ ಹಿರಿಯರಿದ್ದರೆ ಅಲ್ಲಿ ಜಿಪುಣತನ ಬೇಡ. ಚಂದ್ರಮಾನದ ಹೊಸವರ್ಷ 'ತೆತ್' ಬರುವ ಜನವರಿ ಕೊನೆ, ಫೆಬ್ರುವರಿಯಲ್ಲಿ ಊರಿಗೆ ಊರೇ ರೈಲು ಹತ್ತುತ್ತದೆ. ಆಗ ಹೋಗದಿರುವುದೇ ಲೇಸು.

ಸಸ್ಯಾಹಾರಿಗಳು "ಆನ್ ಚಾಯ್" ಅನ್ನುವ ಎರಡು ಪದ ಬಾಯಿಪಾಠ ಮಾಡಿ, ಸಸ್ಯಾಹಾರ ತಿನ್ನುವುದು ಅಂತ ಅರ್ಥ. ರೈಲಿನಲ್ಲಿ ಬಿಸಿನೀರು ಪುಕ್ಕಟೆ ಸಿಗುತ್ತದೆ. ಗೊಜ್ಜವಲಕ್ಕಿ ಪುಡಿ, ಇನ್‌ಸ್ಟಂಟ್ ಉಪ್ಪಿಟ್ಟು ಒಯ್ದಿದ್ದೆವು, ಅದೇ ಕಾಪಾಡಿತು.

ಹ್ಯುವೆಯಿಂದ ಡಾ ನಾಂಗ್‌ಗೆ ಹಗಲು ರೈಲನ್ನೇ ಹಿಡಿಯಿರಿ, ಸೀಟು ಎಡಗಡೆಯದೇ ಇರಲಿ. ನೂರು ಕಿ.ಮೀ. ಚಿಲ್ಲರೆ ದಾರಿಗೆ ಮೂರು ಗಂಟೆ ಹತ್ತಿರ ಬೇಕು. ಹಾಯ್ ವಾನ್ ಬೆಟ್ಟ ಬಳಸುವಾಗ ಸಮುದ್ರ ಕಿಟಕಿಯ ಬುಡಕ್ಕೇ ಬರುತ್ತದೆ. ಅಪ್ಪ ಮಾತ್ರ ಸಮುದ್ರ ಬಿಟ್ಟು ಹಳಿ ನೋಡುತ್ತಿದ್ದರು. "ಇದು ಮೀಟರ್ ಗೇಜ್ ಕಣೋ, ನಮ್ಮ ತುಮಕೂರಿನ ಮೇಲೆ ಹಿಂದೆ ಓಡ್ತಿದ್ದಿದ್ದೂ ಇದೇ ಅಗಲದ್ದು" ಅಂದರು. ಆಮೇಲೆ ಅರಸೀಕೆರೆವರೆಗಿನ ಹಳೆಯ ಸ್ಟೇಷನ್ನುಗಳನ್ನೆಲ್ಲ ಒಂದೊಂದಾಗಿ ಎಣಿಸಿದರು.

ಅಂದಹಾಗೆ, ಏರ್‌ಪೋರ್ಟ್‌ಗೆ ಕಾರಿನಲ್ಲಿ ಹೋಗುವವರು ನೆಲಮಂಗಲದ ಟ್ರಾಫಿಕ್‌ಗೆ ಸಿಕ್ಕಿಕೊಳ್ಳಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ವೀಸಾದ ಪ್ರಿಂಟ್ ಎರಡು ಪ್ರತಿ ಕೈಚೀಲದಲ್ಲೇ ಇರಲಿ.